ಹಿತ್ತಲ ಕೊಟ್ಟಿಗೆಗೆ ಚನ್ನಪಟ್ಟಣ ಕಲಿಸಿದ ಪಾಠ

ದುಡಿದು ಪಳಗಿದ ಕೈಗಳಿಗೆ ಬಿಡುವು ಎಂಬುದು ಕೆಲವೊಮ್ಮೆ ಭಾರವಾಗುತ್ತದೆ. 34 ವರ್ಷ ಪ್ರೌಢಶಾಲೆಯಲ್ಲಿ ಗಣಿತ ಬೋಧಿಸಿ ನಿವೃತ್ತನಾಗಿ ತುಮಕೂರಿನ ಮನೆಗೆ ಬಂದು ಕುಳಿತಾಗ ನನಗಾದ ಅನುಭವವೂ ಇದೇ. ಹಿತ್ತಲಿನಲ್ಲಿ ತಂದೆಯವರ ಕಾಲದ ದನದ ಕೊಟ್ಟಿಗೆಯೊಂದಿತ್ತು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ದನಗಳು ಹೋಗಿ ವರ್ಷಗಳೇ ಕಳೆದಿದ್ದವು. ಅದನ್ನು ಮರಗೆಲಸದ ಮನೆಯನ್ನಾಗಿ ಮಾಡಿಕೊಂಡು ಮೊಮ್ಮಗನಿಗೆ ಬುಗುರಿ, ಬಂಡಿ, ಲಟ್ಟಣಿಗೆಗಳನ್ನು ಮಾಡಿಕೊಡಬೇಕೆಂಬ ಆಸೆ ಮೂಡಿತು.

ಆಸೆಗೆ ಅವಸರ ಜೊತೆಯಾಯಿತು. ಗರಗಸ, ಬಾಚಿ, ಉಳಿಗಳ ಕಟ್ಟು, ಅರ್ಧ ಅಶ್ವಶಕ್ತಿಯ ಮೋಟಾರು ಕೂಡಿಸಿದ ಒಂದು ಸಣ್ಣ ಲೇತ್, ಎಲ್ಲವನ್ನೂ ಒಂದೇ ತಿಂಗಳಲ್ಲಿ ಕೊಂಡುತಂದೆ. ಅವುಗಳನ್ನು ಎಲ್ಲಿಡಬೇಕು, ಬೆಳಕು ಎತ್ತಣಿಂದ ಬರಬೇಕು ಎಂದು ಯೋಚಿಸಲಿಲ್ಲ. ಲೇತ್ ಮೂಲೆಯಲ್ಲಿ ಉಳಿಯಿತು. ಅದರ ಸ್ವಿಚ್ಚು ಬಾಗಿಲ ಬಳಿಯ ಗೋಡೆಯಲ್ಲಿತ್ತು.

ಒಂದು ಮುಂಜಾನೆ ಹೆಗಲ ಮೇಲಿನ ಶಲ್ಯವನ್ನು ತೆಗೆಯದೆಯೇ ಕೆಲಸಕ್ಕೆ ನಿಂತೆ. ತಿರುಗುವ ಮರದತ್ತ ಬಾಗಿದಾಗ ಶಲ್ಯದ ಅಂಚು ಅದಕ್ಕೆ ಸುತ್ತಿಕೊಂಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ಕೊರಳು ಯಂತ್ರದತ್ತ ಜಗ್ಗಿತು. ಸ್ವಿಚ್ಚು ಕೈಗೆಟುಕಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹತ್ತು ವರ್ಷದ ಮೊಮ್ಮಗ ಓಡಿಹೋಗಿ ಅದನ್ನು ಆರಿಸಿದ. ಶಲ್ಯ ಹರಿದು ಎರಡಾಗಿತ್ತು. ಕೊರಳಲ್ಲಿ ಕೆಂಪು ಬರೆ ಮೂಡಿತ್ತು. ಅದಕ್ಕಿಂತ ಹೆಚ್ಚಿನ ಅಪಾಯವಾಗಲಿಲ್ಲ. ಆದರೆ ಮಗುವಿನ ಮುಖ ಬಿಳಿಚಿದ್ದನ್ನು ನಾನು ಮರೆಯಲಾರೆ. ಅಂದೇ ನನ್ನ ಧರ್ಮಪತ್ನಿ ಕೊಟ್ಟಿಗೆಗೆ ಬೀಗ ಹಾಕಿ, ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಆಟಿಕೆ ಬೇಕಾದರೆ ಅಂಗಡಿಯಿಂದ ತನ್ನಿ" ಎಂದಳು. ಎದುರು ಮಾತನಾಡುವ ಧೈರ್ಯ ನನಗಿರಲಿಲ್ಲ.

ಆಟಿಕೆ ತರುವ ನೆಪದಲ್ಲಿಯೇ ಚನ್ನಪಟ್ಟಣಕ್ಕೆ ಹೊರಟೆ. ಬೆಂಗಳೂರಿನಲ್ಲಿ ಮೈಸೂರಿನ ರೈಲು ಹಿಡಿದರೆ ಕೆಂಗೇರಿ, ಬಿಡದಿ ದಾಟಿ ರಾಮನಗರದ ಬೃಹತ್ ಬಂಡೆಗಳ ಸಾಲು ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ಮುಂದಕ್ಕೆ ಸ್ವಲ್ಪವೇ ದೂರದಲ್ಲಿ ಚನ್ನಪಟ್ಟಣ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು. ಒಂದು ಕಾಲದಲ್ಲಿ ಮೈಸೂರಿಗೆ ಹೋಗುವ ವಾಹನಗಳೆಲ್ಲ ಊರಿನೊಳಗೇ ಹಾದು, ಬೊಂಬೆಯಂಗಡಿಗಳ ಮುಂದೆ ನಿಲ್ಲುತ್ತಿದ್ದವು. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುವುದರಿಂದ ಹಳೆಯ ರಸ್ತೆಯ ಅಂಗಡಿಗಳಿಗೆ ಗಿರಾಕಿಗಳು ತಗ್ಗಿದ್ದಾರೆ. ವ್ಯಾಪಾರಿಗಳ ಮಾತಿನಲ್ಲಿ ಆ ಕೊರಗು ಕೇಳಿಸುತ್ತದೆ.

ಇಲ್ಲಿಯ ಅರಗಿನ ಬೊಂಬೆಗಳ ಕಸುಬು ಟಿಪ್ಪು ಸುಲ್ತಾನನ ಆಶ್ರಯದಲ್ಲಿ ಬೆಳೆಯಿತೆಂದು ಊರಿನವರು ಹೇಳುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಪಾನಿನ ಅರಗಿನ ಕೆಲಸದ ರೀತಿಯನ್ನು ಅರಿತು ಇಲ್ಲಿಯ ಕುಶಲಕರ್ಮಿಗಳಿಗೆ ಕಲಿಸಿದ ಬಾವಾಸ್ ಮಿಯಾ ಅವರನ್ನು ಇಂದಿಗೂ ಗೌರವದಿಂದ ಸ್ಮರಿಸುತ್ತಾರೆ. ದೊಡ್ಡ ಕಾರ್ಖಾನೆಗಳಿಗಿಂತ ಮನೆಯ ಒಂದು ಕೋಣೆಯಲ್ಲೋ, ಹಿಂಬದಿಯ ಮಾಡಿನಡಿಯಲ್ಲೋ ಇರುವ ಸಣ್ಣ ಕೆಲಸದ ಮನೆಗಳೇ ಈ ಊರಿನ ಜೀವಾಳ. ಅಂಗಡಿಯವರೊಬ್ಬರು ನನ್ನ ಕುತೂಹಲ ಕಂಡು ಅಂಥದೊಂದು ಮನೆಗೆ ಕರೆದೊಯ್ದರು.

ಅಲ್ಲಿದ್ದ ಹಿರಿಯ ಕುಶಲಕರ್ಮಿ ನನ್ನಷ್ಟೇ ವಯಸ್ಸಿನವರು. ಕೋಣೆ ನನ್ನ ಕೊಟ್ಟಿಗೆಗಿಂತಲೂ ಚಿಕ್ಕದು. ಆದರೆ ಒಂದೊಂದು ಉಪಕರಣಕ್ಕೂ ಅದರದೇ ಸ್ಥಳ. ಗೋಡೆಯ ಪಕ್ಕ ತೊಗಟೆ ಸುಲಿದ ಹಾಲೆ ಮರದ ತುಂಡುಗಳು ನೆರಳಿನಲ್ಲಿ ಒಣಗುತ್ತಿದ್ದವು. ದಂತದಂತೆ ಬೆಳ್ಳಗಿನ, ಮೃದುವಾದ, ಒತ್ತಾದ ಎಳೆಯ ಮರವದು. ನಾನು ಹಸಿ ಬೇವಿನ ಕೊಂಬೆ ಕಡೆದು, ಅದು ವಾರದಲ್ಲೇ ಸೀಳಿದ ಕಥೆ ಹೇಳಿದಾಗ ಅವರು ನಕ್ಕರು. "ಮೇಷ್ಟ್ರೇ, ಮರದೊಳಗಿನ ನೀರು ಮೊದಲು ತುದಿಯಿಂದ ಆರ್ತದೆ. ತುದಿಗೆ ಮೇಣ ಬಳಿದು ನೆರಳಲ್ಲಿಡಿ. ಎರಡು ಮೂರು ತಿಂಗಳು ತಾಳ್ಮೆ ಬೇಕು" ಎಂದರು.

ಅನಂತರ ಯಂತ್ರ ಹೂಡಿದರು. ಉಳಿಯ ಬಾಯಿಂದ ಮರದ ಸುರುಳಿಗಳು ಹೂವಿನಂತೆ ಉದುರಿದವು. ಕೆಂಪು ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದೊಡನೆ, ಆ ತಿಕ್ಕಾಟದ ಶಾಖಕ್ಕೇ ಅರಗು ಕರಗಿ ಮೈಗೆಲ್ಲ ಹರಡಿತು. ಮೇಲೆ ಕೇದಗೆ ಜಾತಿಯ ಗಿಡದ ಒಣಗರಿಯನ್ನು ಒತ್ತಿ ಹಿಡಿದಾಗ ಬಣ್ಣ ಕನ್ನಡಿಯಂತೆ ಹೊಳೆಯಿತು. ಆ ಸೊಬಗಿಗೆ ಮನಸೋತು ನಾನು ಮೆಲ್ಲನೆ ಮುಂದಕ್ಕೆ ಬಾಗಿದೆ.

ಥಟ್ಟನೆ ಅವರು ಯಂತ್ರ ನಿಲ್ಲಿಸಿದರು. ಸ್ವಿಚ್ಚು ಅವರ ಎಡಗೈಯ ಬಳಿಯೇ ಇತ್ತು. ನನ್ನ ಎದೆಯತ್ತ ನೋಡಿ ಮೃದುವಾಗಿ ಹೇಳಿದರು: "ಮೇಷ್ಟ್ರೇ, ಕೊರಳಲ್ಲಿರೋದು ಜೋತಾಡ್ತಾ ಇದೆ. ಮೊದಲು ಅದನ್ನ ಭದ್ರ ಮಾಡ್ಕೊಳ್ಳಿ."

ನೋಡಿಕೊಂಡೆ. ಶಿವದಾರದ ಕರಡಿಗೆ ಅಂಗಿಯ ಹೊರಗೆ ಬಂದು ತೂಗುತ್ತಿತ್ತು. ಇನ್ನೆರಡು ಅಂಗುಲ ಬಾಗಿದ್ದರೆ ದಾರವು ಮರಕ್ಕೆ ಸಿಕ್ಕುತ್ತಿತ್ತು. ಇಷ್ಟಲಿಂಗವನ್ನು ಅಗಲಿರಲಾರದ ನಮಗೆ, ಅದನ್ನು ತೆಗೆದಿಟ್ಟು ಕೆಲಸ ಮಾಡಿ ಎಂದು ಹೇಳಿದ್ದರೆ ಒಪ್ಪಿಗೆಯಾಗುತ್ತಿರಲಿಲ್ಲ. ಅವರು ಹಾಗೆ ಹೇಳಲಿಲ್ಲ. ತಮ್ಮ ತೋಳನ್ನು ತೋರಿಸಿದರು. ಕೊರಳಿನ ತಾಯಿತವನ್ನು ಅವರು ತೋಳಿಗೆ ಬಿಗಿದು ಕಟ್ಟಿಕೊಂಡಿದ್ದರು. "ನಮ್ಮಪ್ಪ ಕಲಿಸಿದ್ದು. ದೇವರನ್ನ ಬಿಡಬೇಡ, ಜೋತಾಡೋಕೂ ಬಿಡಬೇಡ ಅಂದಿದ್ರು" ಎಂದರು. ನಾನು ಕರಡಿಗೆಯನ್ನು ಒಳ ಅಂಗಿಯೊಳಗೆ ಸೇರಿಸಿ, ಮೇಲೆ ವಸ್ತ್ರವನ್ನು ಎದೆಗೆ ಬಿಗಿದು ಕಟ್ಟಿಕೊಂಡೆ. ಆಮೇಲೆಯೇ ಅವರು ಮತ್ತೆ ಯಂತ್ರ ಹೂಡಿದರು.

ಆ ಸಂಜೆಯವರೆಗೂ ಅವರು ಒಂದೊಂದಾಗಿ ತಿಳಿಸಿದರು. ಲೇತಿನ ಅಕ್ಷವು ನಿಂತವನ ಮೊಣಕೈ ಎತ್ತರಕ್ಕಿರಬೇಕು. ತಗ್ಗಿದ್ದರೆ ಸೊಂಟ ಬಾಗಿ, ಅದರೊಡನೆ ಕೊರಳೂ ಯಂತ್ರದತ್ತ ಬಾಗುತ್ತದೆ. ಉಳಿ ಆನಿಸುವ ಪಟ್ಟಿ ಮರಕ್ಕೆ ಹತ್ತಿರವಿರಬೇಕು, ಆದರೆ ತಾಗಬಾರದು. ಸ್ವಿಚ್ಚು ಹಾಕುವ ಮುನ್ನ ಮರವನ್ನು ಕೈಯಿಂದಲೇ ಒಂದು ಸುತ್ತು ತಿರುಗಿಸಿ ನೋಡಬೇಕು. ಕೈಚೀಲ, ಬಳೆ, ಉದ್ದ ತೋಳಿನ ಅಂಗಿ ಯಾವುದೂ ಸಲ್ಲದು. ಕಣ್ಣಿಗೆ ಕನ್ನಡಕ ಇರಲೇಬೇಕು. ಮೊಂಡಾದ ಉಳಿ ಹರಿತವಾದುದಕ್ಕಿಂತ ಅಪಾಯಕಾರಿ. ಏಕೆಂದರೆ ಅದನ್ನು ಬಲವಂತದಿಂದ ಒತ್ತಬೇಕಾಗುತ್ತದೆ, ಒತ್ತಿದ್ದು ಜಾರುತ್ತದೆ. ಕೊಳ್ಳುವುದಾದರೆ ನಾಲ್ಕೇ ಉಳಿ ಸಾಕು, ಆದರೆ ಒಳ್ಳೆಯ ಸಾಣೆಕಲ್ಲು ಇರಲಿ ಎಂದರು.

ಊರಿಗೆ ಮರಳಿದವನು ಹದಿನೈದು ದಿನ ಹೊಸದೇನನ್ನೂ ಕೊಳ್ಳಲಿಲ್ಲ. ನಡೆದುದನ್ನೆಲ್ಲ ಮನೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದೆ. ನನ್ನಾಕೆ ಬೀಗ ತೆರೆದಳು. ಆದರೆ ಕೀಲಿಕೈ ಕೊಡಲಿಲ್ಲ. ಅವಳ ಕಣ್ಣೆದುರೇ ಕೊಟ್ಟಿಗೆಯನ್ನು ಮೊದಲಿನಿಂದ ಸಜ್ಜುಗೊಳಿಸಿದೆವು. ಉತ್ತರದ ಗೋಡೆಯಲ್ಲಿ ಕಿಟಕಿ ಇಡಿಸಿ, ನೆರಳು ಬೀಳದ ತಂಪಾದ ಬೆಳಕು ಬರುವಂತೆ ಮಾಡಿದೆವು. ದನ ಕಟ್ಟುವ ಗೂಟಗಳನ್ನು ಕಿತ್ತು ನೆಲ ಸಮ ಮಾಡಿಸಿದೆವು. ಲೇತನ್ನು ಕಿಟಕಿಯ ಬಳಿಗೆ ಸರಿಸಿ, ನನ್ನ ಮೊಣಕೈ ಎತ್ತರಕ್ಕೆ ಭಾರವಾದ ಮರದ ಪೀಠ ಹಾಕಿ ಬಿಗಿದೆವು. ವಿದ್ಯುತ್ ಕೆಲಸದವರಿಂದ ಅರ್ಥಿಂಗ್ ಮಾಡಿಸಿ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸಾಧನವನ್ನೂ, ಎಡಗೈಗೆ ಸಿಗುವಂತೆ ಸ್ವಿಚ್ಚನ್ನೂ ಹಾಕಿಸಿದೆವು. ಬಾಗಿಲ ಬಳಿ ಮರಳಿನ ಬಕೆಟ್ಟು ಇಟ್ಟೆವು. ಒಣ ಮರದ ಪುಡಿಗೆ ಕಿಡಿಯೊಂದು ಸಾಕು. ನೆಲದ ಮೇಲೆ ಸುಣ್ಣದ ಗೆರೆಯೊಂದನ್ನು ಎಳೆದೆವು. ಯಂತ್ರ ತಿರುಗುವಾಗ ಮೊಮ್ಮಗ ಆ ಗೆರೆಯ ಆಚೆಗೇ ನಿಲ್ಲಬೇಕು.

ಬಾಗಿಲೊಳಗಿನ ಗೂಟಕ್ಕೆ ಒಂದು ಬಿಳಿಯ ವಸ್ತ್ರವನ್ನು ತೂಗುಹಾಕಿದ್ದೇನೆ. ಶಲ್ಯವನ್ನು ಆ ಗೂಟಕ್ಕಿಟ್ಟು, ವಸ್ತ್ರದಿಂದ ಕರಡಿಗೆಯನ್ನು ಎದೆಗೆ ಬಿಗಿದುಕೊಂಡ ಮೇಲೆಯೇ ನನ್ನ ಕೈ ಉಳಿಯನ್ನು ಮುಟ್ಟುವುದು. ಮೊದಲ ದಿನ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದ ನನ್ನಾಕೆ, ಸೆರಗಿನ ಗಂಟು ಬಿಚ್ಚಿ ಕೀಲಿಕೈಯನ್ನು ಅದೇ ಗೂಟಕ್ಕೆ ನೇತುಹಾಕಿ ಒಳಗೆ ಹೋದಳು.

ಹಿತ್ತಲಿನಲ್ಲಿ ಇಂಥದೊಂದು ಕೆಲಸದ ಮನೆ ಮಾಡಬಯಸುವ ಬಂಧುಗಳಲ್ಲಿ ನನ್ನದೊಂದು ವಿನಂತಿ. ಉಪಕರಣಗಳ ಪಟ್ಟಿ ಬರೆಯುವ ಮೊದಲು ಬೆಳಕು, ನೆಲ, ಸ್ವಿಚ್ಚು, ಉಡುಪು ಇವುಗಳ ವಿಚಾರ ಮಾಡಿರಿ. ಸಾಧ್ಯವಾದರೆ ಒಮ್ಮೆ ಚನ್ನಪಟ್ಟಣಕ್ಕೆ ಹೋಗಿಬನ್ನಿರಿ. ಹಳೆಯ ರಸ್ತೆಯಲ್ಲೇ ಹೋಗಿರಿ. ಅಂಗಡಿಯವರಿಗೂ ನಾಲ್ಕು ಕಾಸು ಸಿಕ್ಕೀತು. ಮೊಮ್ಮಗನಿಗೆಂದು ಅಲ್ಲಿಂದ ತಂದ ಕೆಂಪು ಬುಗುರಿ ನಮ್ಮ ಮನೆಯಲ್ಲಿ ಇನ್ನೂ ಇದೆ. ಅದರ ಪಕ್ಕದಲ್ಲೀಗ ನಾನು ಕಡೆದ, ಅಷ್ಟೊಂದು ನುಣುಪಿಲ್ಲದ ಇನ್ನೊಂದು ಬುಗುರಿಯೂ ಸೇರಿದೆ.