ಘಾಟಿ ಜಾತ್ರೆಯಲ್ಲಿ ಹಲ್ಲಿನ ಲೆಕ್ಕ

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಗುಡಿಯೊಳಗೆ ಹೋದವರು ಕನ್ನಡಿ ನೋಡುತ್ತಾರೆ. ಸುಬ್ರಹ್ಮಣ್ಯನ ಬೆನ್ನಿಗಿರುವ ನರಸಿಂಹನ ದರ್ಶನವಾಗುವುದು ಅದರಲ್ಲೇ. ಹೊರಗೆ ಜಾತ್ರೆಯ ಬಯಲಿನಲ್ಲಿ ರೈತರು ನೋಡುವುದು ಎತ್ತಿನ ಬಾಯಿ!

ಪುಷ್ಯ ಮಾಸದ ತೇರಿನ ಆಸುಪಾಸಿನಲ್ಲಿ, ಡಿಸೆಂಬರ್-ಜನವರಿಯ ಚಳಿಯಲ್ಲಿ ಇಲ್ಲಿ ದನಗಳ ಜಾತ್ರೆ ಸೇರುತ್ತದೆ. ಸಾಲುಸಾಲಾಗಿ ಹಳ್ಳಿಕಾರ್ ಹೋರಿಗಳು. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವ ದಲ್ಲಾಳಿಗಳು. ಕೊಳ್ಳುವವನು 'ವಯಸ್ಸೆಷ್ಟು?' ಎಂದು ಕೇಳುವುದಿಲ್ಲ, 'ಹಲ್ಲೆಷ್ಟು?' ಎನ್ನುತ್ತಾನೆ. ಹೋರಿಯ ಕೆಳದುಟಿ ಸರಿಸಿ ತಾನೇ ನೋಡಿಕೊಳ್ಳುತ್ತಾನೆ.

ದನಕ್ಕೆ ಮೇಲ್ದವಡೆಯಲ್ಲಿ ಮುಂಹಲ್ಲಿಲ್ಲ, ಗಟ್ಟಿ ವಸಡು ಮಾತ್ರ. ಕೆಳಗಿನ 8 ಹಲ್ಲುಗಳೇ ಲೆಕ್ಕದ ಪುಸ್ತಕ. ಸುಮಾರು ಎರಡು ವರ್ಷದವರೆಗೆ ಸಣ್ಣ ಹಾಲುಹಲ್ಲು. ಆಮೇಲೆ ನಡುವಿನ ಜೋಡಿ ಬಿದ್ದು ಅಗಲವಾದ ಹಲ್ಲು ಬಂದರೆ 'ಎರಡಲ್ಲು'. ಹೀಗೆಯೇ ನಾಲ್ಕಲ್ಲು, ಆರಲ್ಲು. ನಾಲ್ಕೂವರೆ-ಐದು ವರ್ಷಕ್ಕೆ ಎಂಟೂ ತುಂಬಿದರೆ 'ಬಾಯ್ಗೂಡಿತು'. ಆ ನಂತರ ಸವೆತ ನೋಡಿ ಅಂದಾಜು ಮಾಡಬೇಕು.

ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎನ್ನುತ್ತದೆ ಗಾದೆ. ಸಾಲ ಮಾಡಿ ಕೊಳ್ಳುವ ಜೋಡಿಗೆ ಆ ಮಾತು ಸಲ್ಲದು. ಮುದಿ ಎತ್ತನ್ನು ಹರೆಯದ್ದೆಂದು ನಂಬಿದರೆ ಕೊಟ್ಟ ಹಣ ಮುಳುಗಿತು. ಎಳೆಯದರ ಹೆಗಲಿಗೆ ಬೇಗ ನೊಗ ಹೇರಿದರೆ ಎತ್ತೇ ಕೆಟ್ಟಿತು. ಒಂದು ಬಲಿತು ಇನ್ನೊಂದು ಎಳೆಯದಾದರೆ ನೇಗಿಲು ಸಮನಾಗಿ ಸಾಗದು.

ಇದೇ ವಿದ್ಯೆಯನ್ನು ನೆಲಮಂಗಲ ದಾಟಿ, ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್‌ಗೆ ಒಯ್ದರೆ ಪಾಠ ಬದಲಾಗುತ್ತದೆ. ಕುದುರೆಗೆ ಮೇಲೂ ಕೆಳಗೂ ಆರಾರು ಬಾಚಿಹಲ್ಲು. ಹುಟ್ಟಿದ ವಾರದೊಳಗೇ ಮೊದಲ ಹಾಲುಹಲ್ಲು ಇಣುಕುತ್ತದೆ. ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಕ್ಕೆ ಒಂದೊಂದು ಜೋಡಿಯಂತೆ ಬದಲಾಗುತ್ತದೆ. ದವಡೆಹಲ್ಲು ವರ್ಷಗಟ್ಟಲೆ ಮೇಲೇರುತ್ತಲೇ ಇರುತ್ತದೆ. ಅಂಚು ಚೂಪಾಗಿ ಕೆನ್ನೆ, ನಾಲಿಗೆ ಗಾಯವಾದರೆ ಮರಿ ಮೇವು ಬಿಡುತ್ತದೆ. ಅದಕ್ಕೇ ಪಶುವೈದ್ಯರು ಅರದಿಂದ ಅಂಚು ಉಜ್ಜುತ್ತಾರೆ. ಕಡಿವಾಣ ತೊಡಿಸುವ ಮೊದಲೂ ಬಾಯಿ ಪರೀಕ್ಷಿಸುತ್ತಾರೆ. ದವಡೆಹಲ್ಲಿನ ಮುಂದೆ ಮೂಡುವ ಪುಟ್ಟ ಹಲ್ಲಿಗೆ ಅದು ತಗುಲಿದರೆ ಮರಿ ತಲೆ ಕೊಡವುತ್ತದೆ. ಅದನ್ನು ಹಟವೆಂದು ತಿಳಿದು ಹೊಡೆಯುವವರೂ ಇದ್ದಾರೆ.

ಘಾಟಿಗೆ ದೊಡ್ಡಬಳ್ಳಾಪುರದಿಂದ ಸುಮಾರು 15 ಕಿ.ಮೀ.; ಬಸ್ಸುಗಳಿವೆ. ಮಕ್ಕಳನ್ನು ಕರೆದೊಯ್ಯುವವರು ದನದ ಬಾಯಿಗೆ ತಾವಾಗಿ ಕೈ ಹಾಕಲು ಬಿಡಬಾರದು. ಒಡೆಯನನ್ನು ಕೇಳಿದರೆ ಸಾಕು, ಮೂಗುದಾರ ಹಿಡಿದು ತೋರಿಸುತ್ತಾನೆ. ಹಾಲುಹಲ್ಲು ಬಿದ್ದು ಬೊಚ್ಚುಬಾಯಿ ಮಾಡಿಕೊಂಡ ಒಂದನೇ ತರಗತಿಯ ಮಗುವಿಗೆ ಎರಡಲ್ಲಿನ ಹೋರಿಯ ಲೆಕ್ಕ ಬೇಗ ಅರ್ಥವಾಗುತ್ತದೆ.