ಫಲಕದಲ್ಲಿ ಬರೆದದ್ದು

ನಾಸಿಕ್, 20 ಡಿಸೆಂಬರ್ 2024, ಶುಕ್ರವಾರ

ಬೆಳಿಗ್ಗೆ ಪಾಂಡವಲೇಣಿಗೆ ಹತ್ತಿದೆವು. ಜೊತೆಗಿದ್ದ ನನ್ನಾಕೆಗೆ ಮೊಣಕಾಲು ನೋವು, ನಡುವೆ ಮೂರು ಸಲ ಕೂತೆವು. ಮೂರನೆಯ ಗುಹೆಯಲ್ಲಿ ಗೌತಮಿ ಬಲಶ್ರೀ ತನ್ನ ಮಗ ಶಾತಕರ್ಣಿಯ ಹೊಗಳಿಕೆ ಬರೆಸಿದ್ದಾಳೆ. ಸತ್ತ ಮಗನ ಮೇಲೆ ತಾಯಿ ಬರೆಸಿದ ಆ ಸಾಲುಗಳ ಕೆಳಗೆ ಈಕೆ ಬಹಳ ಹೊತ್ತು ನಿಂತಳು. ನನಗೆ ಬೇಕಾಗಿದ್ದುದು ಹತ್ತನೆಯ ಗುಹೆ.

ಅಲ್ಲಿ ಪಡಸಾಲೆಯ ಗೋಡೆಯ ಮೇಲೆ ಕ್ಷತ್ರಪ ನಹಪಾನನ ಅಳಿಯ ಉಷವದಾತನ ದಾನದ ಲೆಕ್ಕವಿದೆ. ಗೋವರ್ಧನದ ನೇಕಾರರ ಶ್ರೇಣಿಗಳಲ್ಲಿ 3000 ಕಹಾಪಣ ಇಡುಗಂಟು. 2000ಕ್ಕೆ ತಿಂಗಳಿಗೆ ನೂರಕ್ಕೊಂದು ಬಡ್ಡಿ, 1000ಕ್ಕೆ ಮುಕ್ಕಾಲು. ಅಸಲು ಮುಟ್ಟುವಂತಿಲ್ಲ, ಬಡ್ಡಿ ಮಾತ್ರ ಉಣ್ಣಬೇಕು. ಮಳೆಗಾಲಕ್ಕೆ ಗುಹೆಯಲ್ಲಿ ನಿಲ್ಲುವ 20 ಭಿಕ್ಷುಗಳಿಗೆ ಬಟ್ಟೆಗೆಂದು ತಲಾ 12. ಮೂವತ್ತು ವರ್ಷ ಸಹಕಾರ ಸಂಘದಲ್ಲಿ ಬಡ್ಡಿ ಹಾಕಿದ ಕೈ ಸುಮ್ಮನಿರಲಿಲ್ಲ. 2000ಕ್ಕೆ ತಿಂಗಳಿಗೆ 20, ವರ್ಷಕ್ಕೆ 240. ಇಪ್ಪತ್ತು ಹನ್ನೆರಡ್ಲೆ 240. ಒಂದು ಕಾಸೂ ತಪ್ಪಿಲ್ಲ! ಕಣ್ಣು ತುಂಬಿ ಬಂತು.

ಇದನ್ನೆಲ್ಲ ನಿಗಮಸಭೆಯಲ್ಲಿ ಓದಿ ಹೇಳಿ ಫಲಕದಲ್ಲಿ ಬರೆಸಿಡಲಾಗಿದೆ ಎಂದೂ ಆ ಪ್ರಾಕೃತ ಶಾಸನದಲ್ಲಿದೆ. ಫಲಕ! ರಸ್ತೆ ಬದಿಯಲ್ಲಿ ನಾವು ನೆಡುವ ಬೋರ್ಡಿಗೆ ನಾವೂ ಅದೇ ಮಾತು ಹೇಳುತ್ತೇವೆ. ಆದರೆ ನಮ್ಮ ಫಲಕಗಳಲ್ಲಿ ಅರಸನ ಹೆಸರು, ಶತಮಾನ, ಮುಟ್ಟಬೇಡಿ ಎಂಬ ಎಚ್ಚರಿಕೆ, ಅಲ್ಲಿಗೆ ಮುಗಿಯಿತು. ಯಾರ ಹತ್ತಿರ ದುಡ್ಡು ಇಟ್ಟರು, ಅದು ಯಾರ ಮೈಮೇಲೆ ಬಟ್ಟೆಯಾಯಿತು ಎಂದು ಬರೆದಿದ್ದರೆ ದಾರಿಹೋಕನೂ ನಿಂತು ಓದುತ್ತಿದ್ದ.

21 ಡಿಸೆಂಬರ್, ಶನಿವಾರ

ಪಂಚವಟಿ. ಗೋದಾವರಿಯಲ್ಲಿ ಕಾಲು ಇಳಿಬಿಟ್ಟು ಕೂತಾಗ ಕವಿರಾಜಮಾರ್ಗ ನೆನಪಾಯಿತು. ಕನ್ನಡನಾಡು ಕಾವೇರಿಯಿಂದ ಈ ನದಿಯವರೆಗೆ ಎಂದು ಹೇಳಿದ ಗ್ರಂಥ ಹುಟ್ಟಿದ್ದು ನಮ್ಮ ಸೇಡಂ ತಾಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷನ ಆಸ್ಥಾನದಲ್ಲಿ.

ಆಮೇಲೆ ಕಾಳಾರಾಮ ಗುಡಿ. 1930ರ ಮಾರ್ಚ್ 2ರಂದು ಅಂಬೇಡ್ಕರರ ನಾಯಕತ್ವದಲ್ಲಿ ಸಾವಿರಾರು ಜನ ಒಳಗೆ ಬಿಡಿ ಎಂದು ಇಲ್ಲಿಗೆ ಬಂದರು. ದಾದಾಸಾಹೇಬ ಗಾಯಕವಾಡರು ಸತ್ಯಾಗ್ರಹವನ್ನು ವರ್ಷಗಟ್ಟಲೆ ನಡೆಸಿದರು. ಬಾಗಿಲು ತೆರೆಯಲಿಲ್ಲ.

ಈಕೆ ಹೊಸ್ತಿಲಲ್ಲಿ ನಿಂತು, "ಏನ್ರೀ, ಅವ್ರು ದೇವ್ರನ್ನ ನೋಡ್ಬೇಕಂದ್ರ ಬ್ಯಾಡ ಅಂದ್ರೇನು?" ಅಂದಳು. ಹೌದು ಅಂದೆ. ಹೂವಿನ ಬುಟ್ಟಿ ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ಹೊರಗೆ ನಿಂತಳು.

ಇವತ್ತಿನ ತಾರೀಖಿಗೂ ಈ ಊರಲ್ಲಿ ಒಂದು ನೆನಪಿದೆ. 1909ರ ಡಿಸೆಂಬರ್ 21ರ ರಾತ್ರಿ ವಿಜಯಾನಂದ ಥೇಟರಿನಲ್ಲಿ ಕಲೆಕ್ಟರ್ ಜಾಕ್ಸನ್‌ರನ್ನು ಅನಂತ ಕಾನ್ಹೆರೆ ಗುಂಡಿಟ್ಟು ಕೊಂದ. ಔರಂಗಾಬಾದಿನಲ್ಲಿ ಓದುತ್ತಿದ್ದ ಹುಡುಗ, ಮರುವರ್ಷ ಏಪ್ರಿಲ್‌ನಲ್ಲಿ ಠಾಣೆಯ ಜೈಲಿನಲ್ಲಿ ಗಲ್ಲಿಗೇರಿದ. ಜಾಕ್ಸನ್ ಸಂಸ್ಕೃತ ಬಲ್ಲವರು. ಫಲಕ ಬರೆಯುವ ಕೆಲಸ ನನ್ನ ಪಾಲಿಗೆ ಬಂದರೆ ಎರಡನ್ನೂ ಬರೆಯುತ್ತೇನೆ.

22 ಡಿಸೆಂಬರ್, ಭಾನುವಾರ

ದಿನವೆಲ್ಲ ಬಸ್ಸು. ದಾರಿಯಲ್ಲಿ ಯೇವಲಾ. 1935ರ ಅಕ್ಟೋಬರ್ 13ರಂದು ಅಂಬೇಡ್ಕರರು ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದ್ದು ಇಲ್ಲೇ. ಪೈಠಣಿ ಸೀರೆ ನೇಯುವ ಊರೂ ಇದೇ. ಉಷವದಾತನ ಇಡುಗಂಟು ಹಿಡಿದವರೂ ಇದೇ ಕಸುಬಿನವರು ಎಂದು ಈಕೆಗೆ ಹೇಳಿದೆ. ಆಕೆ ಸೀರೆಯ ಬೆಲೆ ಕೇಳಿಕೊಂಡು ಬಂದಳು, ತೊಗೊಳ್ಳಲಿಲ್ಲ.

ಸಂಜೆ ಛತ್ರಪತಿ ಸಂಭಾಜಿನಗರ. ಅಪ್ಪನ ಬಾಯಲ್ಲಿ ಇದು ಕೊನೆಯವರೆಗೂ ಔರಂಗಾಬಾದ್. 1956ರವರೆಗೆ ಈ ಊರೂ ನಮ್ಮ ಕಲಬುರ್ಗಿಯೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು.

23 ಡಿಸೆಂಬರ್, ಸೋಮವಾರ. ವೇರೂಳ (ಎಲ್ಲೋರಾ)

ಕೈಲಾಸದ ಅಂಗಳದಲ್ಲಿ ಮಾತು ನಿಂತಿತು. ಬೆಟ್ಟವನ್ನು ಮೇಲಿಂದ ಕೆಳಕ್ಕೆ ಕಡಿಯುತ್ತ ಬಂದು ಗುಡಿಯೊಂದನ್ನು ಉಳಿಸಿದ್ದಾರೆ. ಇದು ರಾಷ್ಟ್ರಕೂಟ ಒಂದನೆಯ ಕೃಷ್ಣನ ಕೆಲಸವೆಂದು ತಿಳಿಯುವುದು 812ರ ಬರೋಡಾ ತಾಮ್ರಪಟದಿಂದ. ಕಟ್ಟಿದ ಶಿಲ್ಪಿಯೇ ಇದನ್ನು ನಾನು ಹೇಗೆ ಮಾಡಿದೆನೆಂದು ಬೆರಗಾದನಂತೆ. ಆ ಶಿಲ್ಪಿಯ ಹೆಸರು ಮಾತ್ರ ಪಟದಲ್ಲಿಲ್ಲ. ನಮ್ಮ ಪಟ್ಟದಕಲ್ಲಿನ ವಿರೂಪಾಕ್ಷದಲ್ಲಾದರೆ ಕನ್ನಡ ಅಕ್ಷರದಲ್ಲಿ ಗುಂಡನ ಹೆಸರಿದೆ, ಅವನಿಗೆ ಕೊಟ್ಟ ಬಿರುದೂ ಇದೆ. ಕೈಲಾಸಕ್ಕೆ ಆ ಗುಡಿಯೇ ಮಾದರಿಯೆಂದು ಓದಿದ್ದೇನೆ. ಇಲ್ಲಿನ ಗುಂಡ ಯಾರೋ ಎಂದು ಆನೆಗಳ ಸಾಲನ್ನು ಮೂರು ಸುತ್ತು ಬಂದೆ.

ದಶಾವತಾರ ಗುಹೆಯ ಮಂಟಪದಲ್ಲಿ ದಂತಿದುರ್ಗನ ಶಾಸನ. ಸವೆದ ಅಕ್ಷರಗಳ ಮುಂದೆ ನಾನು ಬಹಳ ಹೊತ್ತು ನಿಂತದ್ದು ನೋಡಿ ಕಾವಲುಗಾರ ಯಾವೂರು ಎಂದು ಕೇಳಿದ. "ಮಳಖೇಡ" ಅಂದೆ.

"ಕುಠೆ ಆಹೆ?" ಎಲ್ಲಿದೆ ಅದು ಎಂದ.

ಬಂದಷ್ಟು ಮರಾಠಿಯಲ್ಲಿ ಹೇಳಿದೆ: ಕೆಳಗೆ ಆ ದೊಡ್ಡ ಗುಡಿ ಕೊರೆಸಿದವನ ಮೊಮ್ಮಗನ ಮಗ ನಮ್ಮೂರಲ್ಲಿ ಕೂತು ಆಳಿದ. ಅವನು ಮತ್ತೆ ಹೆಸರು ಕೇಳಿದ. ಈ ದಿನಚರಿಯಿಂದಲೇ ಒಂದು ಹಾಳೆ ಹರಿದು ನಾಗರಿಯಲ್ಲಿ ಬರೆದುಕೊಟ್ಟೆ: ಮಳಖೇಡ, ಅಮೋಘವರ್ಷ, ಕಾಗಿಣಾ ದಂಡೆ. ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ.