ಪುಟ್ಟಿಯ ಎರಡು ಮಂತ್ರ

ಮನೆಯಲ್ಲಿ ಹೈಸ್ಕೂಲು ಓದುವ ಮೊಮ್ಮಕ್ಕಳಿದ್ದರೆ ನೀವೂ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೆಸರು ಕೇಳಿರಬಹುದು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. ಒಬ್ಬರು ಕತೆ ಹೇಳುತ್ತಾರೆ, ಉಳಿದವರು ಅದರೊಳಗಿನ ಪಾತ್ರವಾಗುತ್ತಾರೆ. ಏಟು ತಗುಲಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಮೊದಲು ಇದ್ದದ್ದು ಮೂರೇ ಬಗೆಯ ಪಾತ್ರ: ಕಾದಾಡುವವನು, ಮಂತ್ರವಾದಿ, ದೇವರ ಹೆಸರಿನಲ್ಲಿ ಗಾಯ ಮಾಯಿಸುವ ಕ್ಲೆರಿಕ್. ಕಳ್ಳ ಬಂದದ್ದು ಮರುವರ್ಷ. ಈಗ ಇನ್ನೂ ಹಲವು ಇವೆ.

ಬ್ಯಾಂಕಿನ ಲೆಡ್ಜರ್ ನೋಡುತ್ತಲೇ ಮುದುಕನಾದ ನನಗೆ ಈ ಪಾತ್ರಗಳು ಖಾತೆಗಳ ಹಾಗೆ ಕಾಣುತ್ತವೆ. ನಮ್ಮ ಮಕ್ಕಳು ಆಡುವುದು 2014ರ ಪುಸ್ತಕದಂತೆ. ಅದರಲ್ಲಿ ಫೈಟರ್‌ಗೆ ಮೊದಲ ಹಂತದಲ್ಲಿ 10 ಜೀವಾಂಕ, ಮೈಕಟ್ಟು ಚೆನ್ನಾಗಿದ್ದರೆ ಇನ್ನಷ್ಟು. ಎಷ್ಟು ಸಲ ಕತ್ತಿ ಬೀಸಿದರೂ ಕತ್ತಿ ತೀರುವುದಿಲ್ಲ. ತಿಂಗಳ ಸಂಬಳದವನು. ವಿಝರ್ಡ್‌ಗೆ 6 ಅಂಕ. ಚಿಲ್ಲರೆ ಮಂತ್ರ ಎಷ್ಟಾದರೂ ಇದೆ, ದೊಡ್ಡ ಮಂತ್ರಕ್ಕೆ ಮಾತ್ರ ಕೈಯಲ್ಲಿ ಎರಡೇ ಚೆಕ್ಕು. ಬೆಳಿಗ್ಗೆಯೇ ಹರಿದುಕೊಟ್ಟರೆ ಸಂಜೆ ರಾಕ್ಷಸ ಬಂದಾಗ ಪರದಾಟ. ಕಳ್ಳ, ಅಂದರೆ ರೋಗ್, ಪಕ್ಕಾ ಕಮಿಷನ್ ಗಿರಾಕಿ. ಸಾಮಾನ್ಯವಾಗಿ ಶತ್ರುವಿನ ಪಕ್ಕದಲ್ಲಿ ತನ್ನ ಕಡೆಯವನೊಬ್ಬ ನಿಂತಿದ್ದರೇನೇ ಅವನ ಏಟಿಗೆ ಬೆಲೆ.

ಕ್ಲೆರಿಕ್‌ಗೂ ದೊಡ್ಡ ಮಂತ್ರ ಎರಡೇ. ಆದರೆ ಅವುಗಳ ಮೇಲೆ ಎಲ್ಲರ ಕಣ್ಣು. ನಮ್ಮಲ್ಲಿ ಆ ಪಾತ್ರ ಹತ್ತು ವರ್ಷದ ಮೊಮ್ಮಗಳ ತಲೆಗೆ ಬಿತ್ತು, ಚಿಕ್ಕವಳೆಂಬ ಒಂದೇ ಕಾರಣಕ್ಕೆ. ದೊಡ್ಡ ಹುಡುಗರಿಗೆ ಗೀರು ಬಿದ್ದರೂ ‘ಪುಟ್ಟಿ, ವಾಸಿ ಮಾಡೇ’. ಮೂರು ಭಾನುವಾರ ಸಹಿಸಿದಳು. “ತಾತ, ನಾನೇನು ಇವರ ಕಾಂಪೌಂಡರಾ? ಇನ್ನು ಆಡಲ್ಲ,” ಎಂದಳು. ಆ ಪುಸ್ತಕ ಇಬ್ಬರೂ ಕೂತು ಓದಿದೆವು. ಕ್ಲೆರಿಕ್ ಕವಚ ತೊಡಬಹುದು, ಗದೆ ಹಿಡಿಯಬಹುದು. ದೂರದಿಂದಲೇ ಒಂದು ಮಾತು ಹೇಳಿ ಬಿದ್ದವನನ್ನು ಎಬ್ಬಿಸುವ ಮಂತ್ರವಿದೆ, ಅದನ್ನು ಹೇಳಿದ ಸರದಿಯಲ್ಲೇ ಗದೆಯನ್ನೂ ಬೀಸಬಹುದು. ಪುಟ್ಟಿ ಪೆನ್ಸಿಲಿನಿಂದ ಗೆರೆ ಎಳೆದುಕೊಂಡಳು.

ಮುಂದಿನ ವಾರ ಉಳಿದಿದ್ದದ್ದು ಒಂದೇ ಮಂತ್ರ. ವಿಝರ್ಡ್ ಹುಡುಗ ಎರಡು ಅಂಕ ಹೋಯಿತೆಂದು ಕೈಚಾಚಿದ. “ಕೊಡಲ್ಲ,” ಎಂದಳು. ಅವನು ಮುಖ ಊದಿಸಿಕೊಂಡ. ನನಗಂತೂ ಒಳಗೊಳಗೇ ಖುಷಿ, ಸಾಲ ಕೇಳಿದವರಿಗೆಲ್ಲ ಕೊಟ್ಟರೆ ಬ್ಯಾಂಕು ನಡೆಯುತ್ತದೆಯೇ? ಅಷ್ಟರಲ್ಲಿ ಅವಳ ಅಣ್ಣನ ಫೈಟರ್ ಸೊನ್ನೆಗಿಳಿದು ನೆಲಕ್ಕುರುಳಿದ. ಹಾಗೆ ಬಿದ್ದವನು ಸರದಿಗೊಮ್ಮೆ ದಾಳ ಉರುಳಿಸಬೇಕು, 10ಕ್ಕಿಂತ ಕಡಿಮೆ ಮೂರು ಸಲ ಬಿದ್ದರೆ ಪಾತ್ರ ಸತ್ತಂತೆ. ಎರಡು ಸಲ ಬಿತ್ತು. ಎಂಟು ತಿಂಗಳು ಬೆಳೆಸಿದ ಪಾತ್ರ. ಹುಡುಗನ ಕಣ್ಣು ತುಂಬಿತ್ತು, ಯಾರೂ ನಗಲಿಲ್ಲ.

ಪುಟ್ಟಿ ದೂರದಿಂದಲೇ ಮಂತ್ರ ಹೇಳಿದಳು. ಐದು ಅಂಕದೊಡನೆ ಅಣ್ಣ ಎದ್ದ. ಅದೇ ಸರದಿಯಲ್ಲಿ ಪಕ್ಕದಲ್ಲಿದ್ದ ಗಾಬ್ಲಿನ್‌ಗೆ ಗದೆಯಿಂದ ಒಂದು ಬಾರಿಸಿದಳು.

ಅಣ್ಣ ಥ್ಯಾಂಕ್ಸ್ ಅನ್ನಲಿಲ್ಲ. ತನ್ನ ಸರದಿ ಬಂದಾಗ ಗೊಂಬೆಯನ್ನು ಎತ್ತಿ ತಂಗಿಯ ಗೊಂಬೆಯ ಮುಂದೆ ಅಡ್ಡವಾಗಿ ಇಟ್ಟ.

“ಜರುಗೋ, ನನಗೆ ಹೊಡೆಯೋಕೆ ಜಾಗ ಇಲ್ಲ,” ಎಂದಳು ಪುಟ್ಟಿ.